ಎರೆ, ದೀವ, ಮೋಹಕ ಬಲೆ: ಭೂಲೋಕಮಲ್ಲ ಸೋಮೇಶ್ವರನ ಬಾಳಿನಿಂದ ರೈತರಿಗೊಂದು ಪಾಠ



ಮೀನು ಹಿಡಿಯುವವನು ಗಾಳದ ಕೊಕ್ಕೆಗೆ ಸಿಕ್ಕಿಸುವ ತಿನಿಸಿಗೆ ನಮ್ಮ ಭಾಷೆಯಲ್ಲಿ ಎರೆ ಎನ್ನುತ್ತಾರೆ. ಕಾಡಿನ ಮೃಗವನ್ನು ಹತ್ತಿರಕ್ಕೆ ಕರೆಯಲು ಬೇಟೆಗಾರ ಮುಂದೆ ಬಿಡುವ ಸಾಕಿದ ಮೃಗಕ್ಕೆ ಹಳೆಯ ಕನ್ನಡದಲ್ಲಿ ದೀವ ಎಂಬ ಹೆಸರಿತ್ತು, ದೀಹ ಎಂದೂ ಕರೆಯುತ್ತಿದ್ದರು. ಈಗ ಮೆಕ್ಕೆಜೋಳದ ಹೊಲದಲ್ಲಿ ಕೋಲಿಗೆ ಕಟ್ಟಿದ ಪ್ಲಾಸ್ಟಿಕ್ ಚೀಲದ ಬಲೆಯನ್ನು ನೋಡಿದ್ದೀರಿ. ಅದರ ಮುಚ್ಚಳದ ಕೆಳಗೆ ಗುಂಡಿಯಷ್ಟು ಚಿಕ್ಕ ರಬ್ಬರಿನ ತುಂಡು ಇರುತ್ತದೆ. ಅದಕ್ಕೆ ಮೋಹಕ ಬಲೆ ಎನ್ನುತ್ತೇವೆ. ಎರೆ, ದೀವ, ಮೋಹಕ ಬಲೆ, ಮೂರರ ಹೆಸರು ಬೇರೆ, ಕೆಲಸ ಒಂದೇ. ಓಡಿಸಿಕೊಂಡು ಹೋಗಿ ಹಿಡಿಯಲಾಗದ ಜೀವವನ್ನು ಅದರ ಆಸೆಯಿಂದಲೇ ನಮ್ಮ ಬಳಿಗೆ ಬರಮಾಡುವುದು.

ಈ ವಿದ್ಯೆಯನ್ನು ಸುಮಾರು ಒಂಬೈನೂರು ವರ್ಷಗಳ ಹಿಂದೆ ಕೂತು ಬರೆದಿಟ್ಟ ಒಬ್ಬ ಅರಸನ ಬಾಳನ್ನು ಈ ವಾರ ನಿಮಗೆ ಹೇಳಬೇಕೆಂದಿದ್ದೇನೆ. ಆತ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. ಭೂಲೋಕಮಲ್ಲ ಎಂಬುದು ಅವನ ಬಿರುದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆ ಆಗ ಚಾಲುಕ್ಯರ ನಾಡೇ ಆಗಿತ್ತು. ಬಾಗಳಿಯ ಕಲ್ಲೇಶ್ವರ, ನೀಲಗುಂದದ ಭೀಮೇಶ್ವರ, ಅಂಬಳಿಯ ಕಲ್ಲೇಶ್ವರ, ಕುರುವತ್ತಿಯ ಮಲ್ಲಿಕಾರ್ಜುನ ಗುಡಿಗಳನ್ನು ಜಾತ್ರೆಗೋ ಮದುವೆಗೋ ಹೋದಾಗ ನೋಡಿರುತ್ತೀರಿ. ಅವೆಲ್ಲ ಆ ವಂಶದ ಕಾಲದ ಕೆಲಸದ ಗುರುತುಗಳು. ಹಾಗಾಗಿ ಇದು ದೂರದ ದೊರೆಯ ಕಥೆಯಲ್ಲ, ನಮ್ಮ ಸೀಮೆಯದೇ ಕಥೆ.

ಕುರುವತ್ತಿಯಲ್ಲಿ ಮುಗಿದ ಅಜ್ಜನ ಬಾಳು

ಸೋಮೇಶ್ವರನ ಅಜ್ಜನ ಹೆಸರೂ ಸೋಮೇಶ್ವರನೇ. ಆಹವಮಲ್ಲನೆಂದು ಪ್ರಸಿದ್ಧ. ಚೋಳರೊಡನೆ ಬಾಳೆಲ್ಲ ಕಾದಾಡಿದವನು. ಕೊನೆಗೆ ವಾಸಿಯಾಗದ ಜ್ವರ ಹತ್ತಿದಾಗ 1068ರಲ್ಲಿ ಹಡಗಲಿ ತಾಲ್ಲೂಕಿನ ಕುರುವತ್ತಿಗೆ ಬಂದು, ತುಂಗಭದ್ರೆಯ ನೀರಿಗಿಳಿದು ತಾನಾಗಿಯೇ ಪ್ರಾಣ ಬಿಟ್ಟನು. ಇಂದಿಗೂ ಕುರುವತ್ತಿಯ ಹೊಳೆದಂಡೆಯಲ್ಲಿ ನಿಂತವರು ಆ ಸಂಗತಿಯನ್ನು ನೆನೆಯುತ್ತಾರೆ.

ಅವನ ಮಗ ಆರನೆಯ ವಿಕ್ರಮಾದಿತ್ಯ. ಅಣ್ಣನನ್ನು ತಳ್ಳಿ 1076ರಲ್ಲಿ ಪಟ್ಟವೇರಿದ ಈತ 1126ರವರೆಗೆ, ಐವತ್ತು ವರ್ಷ ಆಳಿದನು. ತನ್ನ ಹೆಸರಿನದೇ ಒಂದು ಶಕೆಯನ್ನು ಆರಂಭಿಸಿದನು. ಅವನ ಆಸ್ಥಾನ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ. ದೂರದ ಕಾಶ್ಮೀರದಿಂದ ಬಿಲ್ಹಣ ಕವಿ ಅಲ್ಲಿಗೆ ಬಂದು ದೊರೆಯ ಚರಿತ್ರೆಯನ್ನು ಕಾವ್ಯವಾಗಿ ಬರೆದನು. ಆಸ್ತಿ ಪಾಲಿನ ವ್ಯಾಜ್ಯಗಳಲ್ಲಿ ನಮ್ಮ ನ್ಯಾಯಾಲಯಗಳಲ್ಲಿ ಎಷ್ಟೋ ಕಾಲ ಹೆಸರು ಕೇಳಿಬಂದ ಮಿತಾಕ್ಷರವನ್ನು ವಿಜ್ಞಾನೇಶ್ವರ ಬರೆದದ್ದೂ ಅಲ್ಲಿಯೇ. ಸೋಮೇಶ್ವರ ಇಂಥ ಮನೆಯ ಮಗ. ಒಂದು ಕಡೆ ಕತ್ತಿ, ಇನ್ನೊಂದು ಕಡೆ ಓಲೆಗರಿ. ಅವನು ಹೆಚ್ಚು ಒಲಿದದ್ದು ಓಲೆಗರಿಗೆ.

ಪಟ್ಟ ಬಂತು, ಗಡಿ ಸರಿಯಿತು

1126ರಲ್ಲಿ ತಂದೆ ತೀರಿಕೊಂಡ ಮೇಲೆ ಸೋಮೇಶ್ವರನಿಗೆ ಪಟ್ಟವಾಯಿತು. ಕೈಗೆ ಬಂದದ್ದು ದೊಡ್ಡ ರಾಜ್ಯ, ಅದರ ಜೊತೆಗೆ ದೊಡ್ಡ ತೊಡಕು. ದೊಡ್ಡ ಹಿಡುವಳಿಯ ಯಜಮಾನ ತೀರಿಕೊಂಡಾಗ ಬದುವಿನಾಚೆಯವರು ಬದುವನ್ನು ಒಂದೊಂದೇ ಗೇಣು ಒತ್ತುವುದನ್ನು ನೀವು ಕಂಡಿದ್ದೀರಿ. ಇಲ್ಲಿಯೂ ಹಾಗೆಯೇ ಆಯಿತು. ಪೂರ್ವದ ವೆಂಗಿ ನಾಡು ಚೋಳರ ಪಾಲಾಯಿತು. ದಕ್ಷಿಣದಲ್ಲಿ ಸಾಮಂತನಾಗಿದ್ದ ಹೊಯ್ಸಳ ವಿಷ್ಣುವರ್ಧನ ಸ್ವತಂತ್ರನಾಗುವ ಹವಣಿಕೆಯಲ್ಲಿದ್ದನು. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಲ್ಲಿ ಕುಳಿತು ನೊಳಂಬವಾಡಿಯನ್ನು ಆಳುತ್ತಿದ್ದ ಪಾಂಡ್ಯರು ಚಾಲುಕ್ಯರ ಸಾಮಂತರು. ಹೊಯ್ಸಳರ ಕಣ್ಣು ಆ ಕೋಟೆಯ ಮೇಲೂ ಬಿದ್ದಿತ್ತು. ಎಂದರೆ ದೊಡ್ಡವರ ಆ ಎಳೆದಾಟದ ಒಂದು ತುದಿ ನಮ್ಮ ಗುಡ್ಡಗಳ ಮೇಲೆಯೇ ಇತ್ತು.

ಸೋಮೇಶ್ವರ ತಂದೆಯಂತೆ ದಂಡೆತ್ತಿ ಹೆಸರು ಮಾಡಿದ ದೊರೆಯಲ್ಲ. ಅವನಿಗೆ ಸಂದ ಇನ್ನೊಂದು ಬಿರುದು ಸರ್ವಜ್ಞ ಚಕ್ರವರ್ತಿ. ತ್ರಿಪದಿಗಳ ನಮ್ಮ ಸರ್ವಜ್ಞ ಬೇರೆ, ಇವನು ಬೇರೆ. ಅವನಿಗಿಂತ ಶತಮಾನಗಳ ಹಿಂದಿನವನು. ಎಲ್ಲ ಬಲ್ಲವನು ಎಂಬ ಹೆಸರು ಇವನಿಗೆ ಬಂದದ್ದು ಒಂದು ದೊಡ್ಡ ಸಂಸ್ಕೃತ ಗ್ರಂಥದಿಂದ.

ನೂರು ಅಧ್ಯಾಯಗಳ ಪುಸ್ತಕ

ಆ ಗ್ರಂಥದ ಹೆಸರು ಮಾನಸೋಲ್ಲಾಸ. ಅಭಿಲಷಿತಾರ್ಥ ಚಿಂತಾಮಣಿ ಎಂಬುದು ಅದರ ಇನ್ನೊಂದು ಹೆಸರು. 1129ರ ಸುಮಾರಿಗೆ ಅದು ರೂಪುಗೊಂಡಿತು. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ಭಾಗ, ಒಟ್ಟು ನೂರು ಅಧ್ಯಾಯ. ರಾಜ್ಯವನ್ನು ಪಡೆಯುವುದು ಹೇಗೆ, ಪಡೆದದ್ದನ್ನು ಉಳಿಸಿಕೊಳ್ಳುವುದು ಹೇಗೆ ಎಂಬಲ್ಲಿಂದ ಹಿಡಿದು ಊಟ, ಉಡಿಗೆ, ಮನೆ, ಚಿತ್ರ, ಸಂಗೀತ, ಆನೆ, ಕುದುರೆ, ಗಿಡಮರಗಳ ಆರೈಕೆ, ಬೇಟೆ, ಆಟಗಳವರೆಗೆ ಎಲ್ಲವೂ ಅದರಲ್ಲಿದೆ. ಇಡ್ಲಿ, ದೋಸೆ, ವಡೆ, ಮಂಡಿಗೆಗಳ ಮಾತೂ ಬರುತ್ತದೆ. ಹೊಲದಲ್ಲಿ, ಹೊಳೆದಂಡೆಯಲ್ಲಿ ಹುಟ್ಟಿ ಬಲಿತ ಕಪ್ಪು ಇಲಿಗಳನ್ನು ಸುಟ್ಟು ಪಾಕ ಮಾಡುವ ವಿಧಾನವೂ ಅಲ್ಲಿದೆ. ಓದಿ ನಗಬೇಡಿ. ಹೊಲದ ಇಲಿ ಆ ಕಾಲದಲ್ಲೂ ರೈತನ ಕಾಳು ತಿಂದೇ ಕೊಬ್ಬುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಹುಡುಕಬೇಕಿಲ್ಲ.

ಇಷ್ಟನ್ನೂ ಒಬ್ಬ ಅರಸ ಅರಮನೆಯೊಳಗೆ ಕೂತು ಕಲ್ಪಿಸಿ ಬರೆಯಲಾರ. ಮಾವುತ ಹೇಳಿದ್ದು, ಬೇಡ ಹೇಳಿದ್ದು, ಅಂಬಿಗ ಹೇಳಿದ್ದು, ಅಡುಗೆಯವ ಹೇಳಿದ್ದು ಅದರೊಳಗೆ ಸೇರದೆ ಇಷ್ಟು ವಿವರ ಬರುವುದು ಹೇಗೆ? ಕೆಲಸ ಬಲ್ಲವರ ಬಾಯಿಯ ವಿದ್ಯೆ ಅಕ್ಷರಕ್ಕೆ ಇಳಿಯಿತು. ಈ ಲೇಖನಕ್ಕೆ ಬೇಕಾದ ಸಂಗತಿ ಅದೇ. ಆ ಪುಸ್ತಕದ ಆನೆ, ಜಿಂಕೆ, ಮೀನುಗಳ ಅಧ್ಯಾಯಗಳಲ್ಲಿ ಮರುಳು ಮಾಡಿ ಕರೆಯುವ ವಿದ್ಯೆ ಹೇಗೆ ಬಂದಿದೆ ನೋಡೋಣ.

ಆನೆಗೆ ಹೆಣ್ಣಾನೆ, ಜಿಂಕೆಗೆ ಜೊತೆ, ಮೀನಿಗೆ ಹಿಂಡಿ

ಕಾಡಾನೆ ಹಿಡಿಯಲು ಸೋಮೇಶ್ವರ ಐದು ಬಗೆ ಹೇಳುತ್ತಾನೆ. ಬೇಲಿಯ ದೊಡ್ಡಿಗೆ ಅಟ್ಟಿ ಕೂಡುವುದು ಒಂದು. ತೋಡಿದ ಗುಂಡಿಗೆ ಬೀಳಿಸುವುದು ಇನ್ನೊಂದು. ಅಟ್ಟಿಸಿಕೊಂಡು ಹೋಗಿ ಹಿಡಿಯುವುದೂ ಉಂಟು. ಇವುಗಳ ನಡುವೆ ವಶಾಬಂಧ ಎಂಬುದೊಂದಿದೆ. ವಶಾ ಎಂದರೆ ಹೆಣ್ಣಾನೆ. ಪಳಗಿದ ಹೆಣ್ಣಾನೆಗಳನ್ನು ಕಾಡಿಗೆ ಬಿಟ್ಟರೆ ಗಂಡಾನೆ ತಾನಾಗಿ ಹತ್ತಿರ ಬರುತ್ತದೆ. ಬೆದೆಯ ಆಸೆಯಲ್ಲಿ ಅದಕ್ಕೆ ಪಕ್ಕದ ಮನುಷ್ಯ ಕಾಣುವುದಿಲ್ಲ, ಕಾಲಿಗೆ ಬೀಳುವ ಹಗ್ಗವೂ ಕಾಣುವುದಿಲ್ಲ. ಬಲದಿಂದ ಹಿಡಿಯಲು ನೂರಾರು ಜನ ಬೇಕು. ಹೆಣ್ಣಾನೆ ಇದ್ದರೆ ಕೆಲವೇ ಮಂದಿ ಸಾಕು.

ಜಿಂಕೆಯ ಬೇಟೆಯಲ್ಲಿ ದೀವದ ಮೃಗ ಬರುತ್ತದೆ. ಜಿಂಕೆ ಅಂಜುಬುರುಕ. ಮನುಷ್ಯನ ವಾಸನೆ ಬಂದರೆ ಒಂದೇ ನೆಗೆತ. ಆದರೆ ತನ್ನ ಜಾತಿಯದೇ ಒಂದು ಮೃಗ ನಿಶ್ಚಿಂತೆಯಿಂದ ಮೇಯುತ್ತಿದ್ದರೆ, ಅಲ್ಲಿ ಅಪಾಯವಿಲ್ಲ ಎಂದು ಅದು ನಂಬುತ್ತದೆ. ಆ ನಂಬಿಕೆಯೇ ಬಲೆ. ನೀರಿಗೆ ಬರುವ ಜಾಡಿನಲ್ಲಿ ಕಾದು ಹಿಡಿಯುವ ಬಗೆಯೂ ಅವನ ಪಟ್ಟಿಯಲ್ಲಿದೆ. ಬೇಸಿಗೆಯಲ್ಲಿ ಎಲ್ಲ ಜೀವವೂ ನೀರಿಗೆ ಬರಲೇಬೇಕಲ್ಲ. ನಮ್ಮ ಸೀಮೆಯ ಗುಡ್ಡಗಳಲ್ಲಿ ಪಂಜರದ ಗೌಜಲ ಹಕ್ಕಿಯ ಕೂಗಿಗೆ ಕಾಡಿನ ಗೌಜಲ ಬಂದು ಉರುಲಿಗೆ ಬೀಳುತ್ತಿದ್ದುದನ್ನು ನಿಮ್ಮಲ್ಲಿ ವಯಸ್ಸಾದವರು ಕಂಡಿರಬಹುದು. ಅದೂ ದೀವವೇ.

ಎಲ್ಲಕ್ಕಿಂತ ಹೆಚ್ಚು ವಿವರ ಇರುವುದು ಮೀನಿನ ಅಧ್ಯಾಯದಲ್ಲಿ. ಮೀನು ಹಿಡಿಯುವುದನ್ನು ಆತ ಅರಸರ ವಿನೋದಗಳಲ್ಲಿ ಒಂದೆಂದು ಎಣಿಸಿ ಮೂವತ್ತೈದು ಬಗೆಯ ಮೀನುಗಳನ್ನು ಹೆಸರಿಸುತ್ತಾನೆ. ಸಮುದ್ರದ್ದು ಯಾವುದು, ಹೊಳೆಯದು ಯಾವುದು, ಹುರುಪೆ ಇರುವುದು ಯಾವುದು, ಇಲ್ಲದ್ದು ಯಾವುದು, ದೊಡ್ಡದು ಯಾವುದು, ಚಿಕ್ಕದು ಯಾವುದು ಎಂದು ವಿಂಗಡಿಸುತ್ತಾನೆ. ಆಮೇಲೆ ಯಾವ ಜಾತಿಗೆ ಯಾವ ತಿನಿಸು ಎಂದು ಹೇಳುತ್ತಾನೆ. ಒಂದಕ್ಕೆ ಎಳ್ಳಿನ ಹಿಂಡಿಯ ಉಂಡೆ, ಒಂದಕ್ಕೆ ಹುರಿದ ಕಡಲೆ ಹಿಟ್ಟು ಮತ್ತು ಅನ್ನದ ಉಂಡೆ, ಇನ್ನೊಂದಕ್ಕೆ ಮಾಂಸ. ಮೊದಲು ಉಣ್ಣಿಸುವ ಮಾತು, ನಂತರ ಬಿದಿರಿನ ಕೋಲು, ನಾರಿನ ದಾರ, ಗಾಳದ ಮಾತು. ಈ ಅನುಕ್ರಮವನ್ನು ನೆನಪಿಟ್ಟುಕೊಳ್ಳಿ, ಮುಂದೆ ಇಲಿಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ. ತುಂಗಭದ್ರಾ ಜಲಾಶಯದ ಹಿನ್ನೀರಿನಲ್ಲಿ ಬಲೆ ಬೀಸುವ ನಮ್ಮ ಮೀನುಗಾರರನ್ನು ಕೇಳಿ. ಬಾಳೆ ಮೀನಿಗೆ ಹಾಕುವ ಎರೆ ರೋಹುವಿಗೆ ನಡೆಯುವುದಿಲ್ಲ ಎಂದು ಅವರೂ ಹೇಳುತ್ತಾರೆ.

ಸೋಮೇಶ್ವರನ ಈ ಮೂರು ಅಧ್ಯಾಯಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ತಿಳಿಯುತ್ತದೆ. ಜೀವಿಯನ್ನು ಕರೆಯುವ ಆಸೆಗಳು ಮೂರು. ಜೋಡಿಯ ಆಸೆ, ಹಸಿವಿನ ಆಸೆ, ತನಗೆ ಒಗ್ಗಿದ ಸುರಕ್ಷಿತ ತಾಣದ ಆಸೆ. ಯಾವ ಜೀವಿಗೆ ಯಾವ ಹೊತ್ತಿನಲ್ಲಿ ಯಾವ ಆಸೆ ಹೆಚ್ಚು ಎಂದು ಬಲ್ಲವನೇ ಅದನ್ನು ಹಿಡಿಯಬಲ್ಲ.

ಬೇಟೆ ನಿಂತಿತು, ವಿದ್ಯೆ ಹೊಲಕ್ಕೆ ಬಂತು

ಇಲ್ಲೊಂದು ಎಚ್ಚರಿಕೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಜಿಂಕೆ, ಕೃಷ್ಣಮೃಗ, ಗೌಜಲ, ನವಿಲು ಯಾವುದನ್ನೂ ದೀವ ಇಟ್ಟು ಹಿಡಿಯುವಂತಿಲ್ಲ, ಕೊಲ್ಲುವಂತಿಲ್ಲ. ಅರಸರ ವಿನೋದ ಅರಸರ ಕಾಲಕ್ಕೆ ಮುಗಿಯಿತು. ಉಳಿದಿರುವುದು ಅದರ ಹಿಂದಿನ ತಿಳಿವಳಿಕೆ. ಅದು ಈಗ ನಿಮ್ಮ ಹೊಲದ ಹುಳು ಹುಪ್ಪಡಿಯ ಮೇಲೆ ಬಳಕೆಗೆ ಬಂದಿದೆ.

ಹೆಣ್ಣಾನೆಯ ಉಪಾಯ ರಬ್ಬರಿನ ತುಂಡಿಗೆ ಹೇಗೆ ಇಳಿಯಿತು ಎಂಬುದನ್ನೂ ಹೇಳಿಬಿಡುತ್ತೇನೆ. ಫ್ರಾನ್ಸ್ ದೇಶದಲ್ಲಿ ಫಾಬ್ರ್ ಎಂಬ ಬಡ ಉಪಾಧ್ಯಾಯರಿದ್ದರು. ಹುಳುಗಳನ್ನು ನೋಡುತ್ತಲೇ ಬಾಳು ಸವೆಸಿ 1915ರಲ್ಲಿ ತೀರಿಕೊಂಡರು. ಅವರ ಮನೆಯಲ್ಲಿ ಒಂದು ದೊಡ್ಡ ಹೆಣ್ಣು ಪತಂಗ ಗೂಡಿನಿಂದ ಹೊರಬಂತು. ಅದನ್ನು ತಂತಿ ಜಾಲರಿಯಲ್ಲಿ ಮುಚ್ಚಿಟ್ಟರು. ಅಂದು ರಾತ್ರಿ ಸುಮಾರು ನಲವತ್ತು ಗಂಡು ಪತಂಗಗಳು ಕತ್ತಲಲ್ಲಿ ಹುಡುಕಿಕೊಂಡು ಬಂದವು. ಗಾಳಿಯಾಡದ ಡಬ್ಬಿಯಲ್ಲಿ ಹೆಣ್ಣನ್ನು ಮುಚ್ಚಿದರೆ ಒಂದೂ ಬರಲಿಲ್ಲ. ಇನ್ನೊಂದು ಜಾತಿಯ ಪತಂಗದಲ್ಲಿ, ಹೆಣ್ಣನ್ನು ಕಣ್ಣಿಗೆ ಕಾಣುವಂತೆ ಗಾಜಿನೊಳಗೆ ಇಟ್ಟು, ಅದು ಮೊದಲು ಕೂತಿದ್ದ ಕಡ್ಡಿಯನ್ನು ಬೇರೆ ಕಡೆ ಇಟ್ಟರು. ಗಂಡುಗಳು ಹೆಣ್ಣನ್ನು ಬಿಟ್ಟು ಕಡ್ಡಿಗೆ ಮುತ್ತಿದವು. ಕರೆಯುತ್ತಿದ್ದುದು ಹೆಣ್ಣಿನ ರೂಪವಲ್ಲ, ಅದು ಬಿಟ್ಟ ವಾಸನೆ ಎಂಬುದು ಹೀಗೆ ಬಯಲಾಯಿತು.

ಆ ವಾಸನೆಯ ಮೂಲವಸ್ತುವನ್ನು ಮೊದಲ ಬಾರಿಗೆ ಬೇರ್ಪಡಿಸಿ ಗುರುತಿಸಿದವರು ಜರ್ಮನಿಯ ಬುಟೆನಾಂಡ್ಟ್ ಮತ್ತು ಅವರ ಸಂಗಡಿಗರು, 1959ರಲ್ಲಿ. ಅದಕ್ಕಾಗಿ ಅವರು ಬಳಸಿದ್ದು ನಮ್ಮ ರೇಷ್ಮೆ ಬೆಳೆಗಾರರಿಗೆ ಚಿರಪರಿಚಿತವಾದ ರೇಷ್ಮೆ ಪತಂಗವನ್ನೇ, ಸುಮಾರು ಐದು ಲಕ್ಷ ಹೆಣ್ಣು ಪತಂಗಗಳನ್ನು. ಆಮೇಲೆ ಒಂದೊಂದು ಪೀಡೆಯ ವಾಸನೆಯನ್ನೂ ಪ್ರಯೋಗಶಾಲೆಯಲ್ಲಿ ತಯಾರಿಸುವುದು ಸಾಧ್ಯವಾಯಿತು. ನಿಮ್ಮ ಬಲೆಯ ರಬ್ಬರ್ ತುಂಡಿನಲ್ಲಿರುವುದು ಅದೇ. ಹುಳು ಇಲ್ಲದ ಹೆಣ್ಣು ಹುಳು ಎಂದು ತಿಳಿಯಿರಿ.

ಜೋಡಿಯ ಆಸೆ: ಮೋಹಕ ಬಲೆ

ಮೆಕ್ಕೆಜೋಳದ ಫಾಲ್ ಸೈನಿಕ ಹುಳು ನಮ್ಮ ದೇಶದಲ್ಲಿ ಮೊದಲು ಕಂಡದ್ದು 2018ರಲ್ಲಿ, ನಮ್ಮ ಕರ್ನಾಟಕದಲ್ಲಿಯೇ. ಮೆಕ್ಕೆಜೋಳ ಹೆಚ್ಚಾಗಿರುವ ಹರಪನಹಳ್ಳಿ, ಹಡಗಲಿ ಕಡೆಯವರಿಗೆ ಅದರ ಪರಿಚಯ ಮಾಡಿಕೊಡಬೇಕಿಲ್ಲ. ಬಿತ್ತಿದ ಮೇಲೆ ತಡಮಾಡದೆ ಎಕರೆಗೆ ನಾಲ್ಕೈದು ಮೋಹಕ ಬಲೆ ನಿಲ್ಲಿಸಿ. ಕಡಲೆ ಮತ್ತು ತೊಗರಿಯ ಕಾಯಿಕೊರಕಕ್ಕೂ ಎಕರೆಗೆ ಅಷ್ಟೇ. ಬಲೆ ಬೆಳೆಯ ತುದಿಗಿಂತ ಒಂದು ಅಡಿ ಮೇಲಿರಲಿ. ಬೆಳೆ ಏರಿದಂತೆ ಬಲೆಯನ್ನೂ ಏರಿಸಿ.

ಮೀನಿನ ಎರೆಯ ನಿಯಮ ಇಲ್ಲಿಯೂ ಇದೆ. ಸೈನಿಕ ಹುಳುವಿನ ಮೋಹಕಕ್ಕೆ ಕಾಯಿಕೊರಕ ಬರುವುದಿಲ್ಲ. ಅಂಗಡಿಯಲ್ಲಿ ಬಲೆ ಕೊಡಿ ಎಂದಷ್ಟೇ ಕೇಳದೆ, ಯಾವ ಬೆಳೆ, ಯಾವ ಹುಳು ಎಂದು ಹೇಳಿ ಕೇಳಿ. ಒಂದು ಜಾತಿಯ ಮೋಹಕ ಮುಟ್ಟಿದ ಕೈಯಲ್ಲೇ ಇನ್ನೊಂದನ್ನು ಮುಟ್ಟಬೇಡಿ, ವಾಸನೆ ಬೆರೆಯುತ್ತದೆ. ಕೈ ತೊಳೆದು ಮುಟ್ಟಿ. ಪೊಟ್ಟಣವನ್ನು ತಂಪಾದ ಜಾಗದಲ್ಲಿಡಿ. ಪೊಟ್ಟಣದ ಮೇಲೆ ಬರೆದ ಅವಧಿಗೆ, ಸಾಮಾನ್ಯವಾಗಿ ಮೂರು ನಾಲ್ಕು ವಾರಕ್ಕೊಮ್ಮೆ, ಹೊಸದನ್ನು ಹಾಕಿ. ಹಳೆಯ ತುಂಡನ್ನು ಹೊಲದಲ್ಲಿ ಎಸೆಯಬೇಡಿ. ಅದರಲ್ಲಿ ಉಳಿದ ವಾಸನೆ ಪತಂಗಗಳನ್ನು ಬಲೆಯಿಂದ ಬೇರೆ ಕಡೆಗೆ ಸೆಳೆಯುತ್ತದೆ.

ಈ ಬಲೆಯಿಂದ ಏನನ್ನು ನಿರೀಕ್ಷಿಸಬೇಕು, ಏನನ್ನು ನಿರೀಕ್ಷಿಸಬಾರದು ಎಂಬುದೂ ತಿಳಿದಿರಲಿ. ಇದಕ್ಕೆ ಬೀಳುವುದು ಗಂಡು ಪತಂಗ ಮಾತ್ರ. ಮೊಟ್ಟೆಯಿಡುವ ಹೆಣ್ಣು ಬೀಳುವುದಿಲ್ಲ. ಸುಳಿಯೊಳಗೆ ಆಗಲೇ ಸೇರಿಕೊಂಡ ಮರಿಹುಳುವಿಗೆ ಬಲೆಯಿಂದ ಏನೂ ಆಗುವುದಿಲ್ಲ. ಎಕರೆಗೆ ನಾಲ್ಕೈದು ಬಲೆ ಇಡುವುದು ಮುಖ್ಯವಾಗಿ ಶತ್ರು ಬಂದನೇ, ಎಷ್ಟು ಬಂದ ಎಂದು ತಿಳಿಯುವುದಕ್ಕೆ. ಬಲೆ ಎಂದರೆ ಹೊಲದ ತಳವಾರ. ತಳವಾರ ಕೂಗಿದಾಗ ಏಳಬೇಕಾದವರು ನೀವು.

ಹತ್ತಿಯ ಗುಲಾಬಿ ಕಾಯಿಕೊರಕದ ಲೆಕ್ಕ ಕೇಳಿ. ಒಂದು ಬಲೆಗೆ ಒಂದು ರಾತ್ರಿಗೆ ಎಂಟು ಪತಂಗದಂತೆ ಸತತ ಮೂರು ರಾತ್ರಿ ಬಿದ್ದರೆ ಆಗ ಔಷಧದ ಯೋಚನೆ ಮಾಡಬೇಕು. ಎರಡು ಮೂರು ಬಿದ್ದರೆ ಕಾಯಬೇಕು. ಪಕ್ಕದ ಹೊಲದವರು ಹೊಡೆದರು ಎಂದು ನಾವೂ ಹೊಡೆಯುವುದು, ಸೋಮವಾರ ಬಿಡುವಿದೆ ಎಂದು ಹೊಡೆಯುವುದು, ಅಂಗಡಿಯವರು ಕೊಟ್ಟರು ಎಂದು ಹೊಡೆಯುವುದು, ಈ ಮೂರರಿಂದಲೇ ನಮ್ಮ ಸೀಮೆಯ ಎಷ್ಟೋ ಮನೆಗಳ ಸಾಲ ಬೆಳೆದಿದೆ. ಬೇಡದ ಒಂದು ಸಿಂಪರಣೆ ಎಂದರೆ ಔಷಧದ ಹಣ, ಆಳಿನ ಕೂಲಿ, ಅದರ ಜೊತೆಗೆ ಪೀಡೆಯನ್ನು ತಿನ್ನುವ ಜೇಡ, ಗುಲಗಂಜಿ ಹುಳುಗಳ ಸಾವು. ಔಷಧದ ಆವಿ ಕುಡಿಯುವವರೂ ನಿಮ್ಮ ಮನೆಯವರೇ.

ಹಸಿವಿನ ಆಸೆ: ತಿನಿಸಿನ ಎರೆ

ಫಾಲ್ ಸೈನಿಕ ಹುಳುವಿನ ಬಲಿತ ಮರಿಗಳು ಸುಳಿಯ ಆಳದಲ್ಲಿರುವುದರಿಂದ ಸಿಂಪರಣೆ ಅವಕ್ಕೆ ಸರಿಯಾಗಿ ತಾಗುವುದಿಲ್ಲ. ಆಗ ತೌಡು ಬೆಲ್ಲದ ಎರೆಯೇ ಗತಿ. ಎಕರೆಗೆ ಹತ್ತು ಕಿಲೋ ಅಕ್ಕಿ ತೌಡು, ಎರಡು ಕಿಲೋ ಬೆಲ್ಲ, ಎರಡು ಮೂರು ಲೀಟರ್ ನೀರು ಬೆರೆಸಿ ಒಂದು ಹಗಲು ಒಂದು ರಾತ್ರಿ ಹುಳಿಯಲು ಬಿಡಿ. ರೈತ ಸಂಪರ್ಕ ಕೇಂದ್ರದವರು ಹೇಳಿದ ಔಷಧವನ್ನು, ಹೇಳಿದ ಪ್ರಮಾಣದಲ್ಲಿ, ಹಾಕುವ ಅರ್ಧ ಗಂಟೆ ಮುಂಚೆ ಬೆರೆಸಿ, ಸಂಜೆ ಹೊತ್ತು ಸುಳಿಗೆ ಉದುರಿಸಿ. ಕೈಗವಸು ಹಾಕಿಕೊಳ್ಳಿ. ದನ, ಕುರಿ, ಕೋಳಿ ಆ ಕಡೆ ಸುಳಿಯದಂತೆ ನೋಡಿಕೊಳ್ಳಿ. ಬೆಲ್ಲದ ವಾಸನೆ ಹುಳುವಿಗಷ್ಟೇ ರುಚಿಯಲ್ಲ.

ತೆಂಗಿನ ಕುರುವಾಯಿ ದುಂಬಿಗೆ ಔಡಲ ಹಿಂಡಿ. ಒಂದು ಕಿಲೋ ಹಿಂಡಿಯನ್ನು ಐದು ಲೀಟರ್ ನೀರಿನಲ್ಲಿ ಕಲಸಿ ಮಡಕೆಯಲ್ಲಿ ತುಂಬಿ ತೋಟದಲ್ಲಿಟ್ಟರೆ, ಕೊಳೆತ ವಾಸನೆಗೆ ದುಂಬಿಗಳು ಬಂದು ಬೀಳುತ್ತವೆ. ಬಿದ್ದವನ್ನು ಆಗಾಗ ತೆಗೆದು ಕೊಲ್ಲಬೇಕು.

ಇನ್ನು ಇಲಿ. ಇಲಿ ಬಹಳ ಅನುಮಾನದ ಪ್ರಾಣಿ. ಹೊಸ ತಿನಿಸು ಕಂಡರೆ ಮೊದಲು ಸ್ವಲ್ಪವೇ ರುಚಿ ನೋಡುತ್ತದೆ. ಅಷ್ಟಕ್ಕೆ ಹೊಟ್ಟೆ ಕೆಟ್ಟರೆ ಮತ್ತೆಂದೂ ಅದನ್ನು ಮುಟ್ಟುವುದಿಲ್ಲ. ಆದ್ದರಿಂದ ಮೊದಲ ದಿನವೇ ವಿಷ ಇಟ್ಟವರಿಗೆ ಫಲ ಕಡಿಮೆ. ಎರಡು ಮೂರು ದಿನ ವಿಷವಿಲ್ಲದ ನುಚ್ಚಿಗೆ ಸ್ವಲ್ಪ ಎಣ್ಣೆ ಸವರಿ ಬಿಲದ ಬಾಯಲ್ಲಿ ಇಡಿ. ತಿಂದು ರೂಢಿಯಾಗಲಿ. ನಂತರ ಅದೇ ನುಚ್ಚಿನಲ್ಲಿ, ಅದೇ ಜಾಗದಲ್ಲಿ ವಿಷ ಇಡಿ. ಮೊದಲು ಉಣ್ಣಿಸು, ಆಮೇಲೆ ಗಾಳ ಹಾಕು ಎಂಬ ಸೋಮೇಶ್ವರನ ಮೀನಿನ ಕ್ರಮ ಇದೇ ಅಲ್ಲವೇ? ಮರುದಿನ ಉಳಿದ ವಿಷವನ್ನೂ ಸತ್ತ ಇಲಿಗಳನ್ನೂ ಆಳವಾಗಿ ಹೂಳುವುದನ್ನು ಮರೆಯಬೇಡಿ. ಮಕ್ಕಳು, ನಾಯಿ, ಗೂಗೆಗಳ ಪ್ರಾಣ ಅದರಲ್ಲಿದೆ.

ಒಗ್ಗಿದ ತಾಣದ ಆಸೆ: ದೀವದ ಗಿಡ

ದೀವದ ಜಿಂಕೆಯಂತೆ ದೀವದ ಗಿಡವೂ ಉಂಟು. ಕೂಡ್ಲಿಗಿ, ಕೊಟ್ಟೂರು ಕಡೆಯ ಶೇಂಗಾ ಬೆಳೆಗಾರರು ಹೊಲದ ಸುತ್ತ ಅಲ್ಲಲ್ಲಿ ಔಡಲ ಹಾಕಲಿ. ಎಲೆ ತಿನ್ನುವ ತಂಬಾಕಿನ ಹುಳುವಿನ ತಾಯಿ ಪತಂಗಕ್ಕೆ ಔಡಲದ ಅಗಲ ಎಲೆ ಬಹಳ ಇಷ್ಟ, ಅಲ್ಲಿ ಗುಂಪಾಗಿ ಮೊಟ್ಟೆಯಿಡುತ್ತದೆ. ವಾರಕ್ಕೆರಡು ಬಾರಿ ಆ ಎಲೆಗಳನ್ನು ತಿರುವಿ ನೋಡಿ, ಮೊಟ್ಟೆ ಗುಂಪು, ಮರಿ ಗುಂಪು ಇರುವ ಎಲೆ ಕಿತ್ತು ನಾಶ ಮಾಡಿ. ಟೊಮೇಟೊ ಹಾಕುವವರು ಹದಿನಾರು ಸಾಲಿಗೆ ಒಂದು ಸಾಲು ಚೆಂಡು ಹೂ ಹಾಕಿದರೆ ಕಾಯಿಕೊರಕ ಹೂವಿನ ಕಡೆ ತಿರುಗುತ್ತದೆ. ಟೊಮೇಟೊ ಹೂ ಬಿಡುವಾಗಲೇ ಚೆಂಡು ಹೂವೂ ಅರಳುವಂತೆ ಅದರ ಸಸಿಗಳನ್ನು ಮುಂಚಿತವಾಗಿ ಬೆಳೆಸಿಕೊಳ್ಳಬೇಕು. ಈ ಗಿಡಗಳನ್ನು ನೆಟ್ಟು ಮರೆತರೆ ಕೇಡು ದುಪ್ಪಟ್ಟು. ಹುಳು ಅಲ್ಲಿ ಸಂತೆ ಸೇರಿ, ಬೆಳೆದು, ನಿಮ್ಮ ಬೆಳೆಗೇ ಇಳಿಯುತ್ತದೆ.

ಶೇಂಗಾದ ಕೆಂಪು ಕಂಬಳಿ ಹುಳುವಿಗೆ ಬೆಳಕೇ ಸೆಳೆತ. ಮುಂಗಾರಿನ ಮೊದಲ ಒಳ್ಳೆಯ ಮಳೆ ಬಿದ್ದ ಮೇಲೆ ನೆಲದೊಳಗಿನ ಕೋಶದಿಂದ ಪತಂಗಗಳು ಏಳುತ್ತವೆ. ಆ ಕೆಲವು ರಾತ್ರಿ ಊರಿನವರೆಲ್ಲ ಸೇರಿ ಮುಸ್ಸಂಜೆಯಿಂದ ಹೊಲಗಳಲ್ಲಿ ದೀಪದ ಬಲೆ ಇಟ್ಟರೆ, ಇಲ್ಲವೆ ಸೊಪ್ಪೆ ಸೆದೆ ಕೂಡಿಸಿ ಬೆಂಕಿ ಹಾಕಿದರೆ, ಮೊಟ್ಟೆಯಿಡುವ ಮುಂಚೆಯೇ ಹಿಡಿದಂತೆ. ಬಣವೆ, ಗುಡಿಸಲುಗಳಿಂದ ಬೆಂಕಿ ದೂರವಿರಲಿ. ಇದು ಒಬ್ಬರ ಕೆಲಸವಲ್ಲ. ಒಬ್ಬರೇ ದೀಪ ಹಚ್ಚಿದರೆ ಊರಿನ ಪತಂಗವೆಲ್ಲ ಅವರ ಹೊಲಕ್ಕೇ ಬಂದೀತು.

ಅರಸನ ಕೊನೆ, ಪುಸ್ತಕದ ಉಳಿವು

ಸೋಮೇಶ್ವರ ಹನ್ನೆರಡು ವರ್ಷ ಆಳಿ 1138ರಲ್ಲಿ ತೀರಿಕೊಂಡನು. ತಂದೆಯ ಚರಿತ್ರೆಯನ್ನು ಗದ್ಯದಲ್ಲಿ ಬರೆಯಲು ಕೈಹಾಕಿದ್ದನು, ಅದು ಪೂರ್ತಿಯಾಗಿ ನಮಗೆ ದೊರೆತಿಲ್ಲ. ಮಗ ಜಗದೇಕಮಲ್ಲ ಪಟ್ಟಕ್ಕೆ ಬಂದನು. ಇಪ್ಪತ್ತು ಮೂವತ್ತು ವರ್ಷ ಕಳೆಯುವುದರೊಳಗೆ ಕಲಚುರಿ ಬಿಜ್ಜಳ ಕಲ್ಯಾಣದ ಗದ್ದುಗೆಯನ್ನೇ ಹಿಡಿದನು. ಬಸವಣ್ಣನವರ ಕಾಲದ ಬಿಜ್ಜಳ ಇವನೇ. ಆ ಶತಮಾನ ಮುಗಿಯುವ ಹೊತ್ತಿಗೆ ಚಾಲುಕ್ಯರ ರಾಜ್ಯವೇ ಇರಲಿಲ್ಲ.

ಪುಸ್ತಕ ಮಾತ್ರ ಉಳಿಯಿತು. ಓಲೆಗರಿಯಿಂದ ಓಲೆಗರಿಗೆ ಇಳಿದು ಬಂದ ಅದರ ಮೊದಲ ಸಂಪುಟ 1925ರಲ್ಲಿ ಬರೋಡದಲ್ಲಿ ಅಚ್ಚಾಯಿತು. ಮರುವರ್ಷ, 1926ರಲ್ಲಿ, ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಅದರ ಭಾಗವನ್ನು ಅಚ್ಚು ಹಾಕಿಸಿದರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಲೋಕಕ್ಕೆ ಮತ್ತೆ ತೋರಿಸಿದವರೂ ಅದೇ ಶಾಸ್ತ್ರಿಗಳು. ಗಡಿಗಳನ್ನು ಉಳಿಸಿಕೊಳ್ಳಲಾಗದ ದೊರೆಯ ಹೆಸರು ಮಾವುತ, ಬೇಡ, ಅಂಬಿಗರ ತಿಳಿವಳಿಕೆಯನ್ನು ಬರೆದಿಟ್ಟದ್ದರಿಂದ ಉಳಿಯಿತು.

ಎರೆ ನಮಗೂ ಹಾಕುತ್ತಾರೆ

ಮುಗಿಸುವ ಮುಂಚೆ ಇನ್ನೊಂದು ಮಾತು. ಮರುಳು ಮಾಡುವ ವಿದ್ಯೆ ಹುಳುವಿನ ಮೇಲಷ್ಟೇ ನಡೆಯುವುದಿಲ್ಲ. ಬಿತ್ತನೆಯ ಹೊತ್ತಿಗೆ ಊರಿಗೆ ಬಂದು ಅರ್ಧ ಬೆಲೆಗೆ ಬಿಡಿ ಬೀಜ ಕೊಡುವವರು, ರಸೀದಿ ಕೇಳಿದರೆ ಮಾತು ಬದಲಿಸುವವರು, ಒಂದೇ ಬಾಟಲಿಗೆ ಎಲ್ಲ ಹುಳುವೂ ಸಾಯುತ್ತದೆ ಎನ್ನುವವರು, ಇವರ ಕೈಯಲ್ಲಿರುವುದೂ ಎರೆಯೇ. ನಮ್ಮ ಅವಸರ ಅವರಿಗೆ ಗೊತ್ತು. ಮಳೆ ಬಿದ್ದಿದೆ, ಹದ ಹೋಗುತ್ತದೆ ಎಂಬ ನಮ್ಮ ತಳಮಳ ಅವರಿಗೆ ಗೊತ್ತು. ಬೀಜದ ಚೀಲದ ಮೇಲಿನ ಚೀಟಿ ನೋಡಿ, ರಸೀದಿ ಪಡೆಯಿರಿ, ಬೆಳೆ ಬರುವವರೆಗೆ ಚೀಟಿ, ರಸೀದಿ, ಒಂದು ಹಿಡಿ ಬೀಜ ಎತ್ತಿಡಿ. ಬೀಜ ಹುಟ್ಟದಿದ್ದ ದಿನ ನಿಮ್ಮ ಪರವಾಗಿ ಮಾತಾಡುವುದು ಅವೇ.

ಈ ಹಂಗಾಮಿಗೆ ಒಂದು ಕೆಲಸ ಮಾಡಿ ನೋಡಿ. ಮಕ್ಕಳ ಹಳೆಯ ನೋಟುಪುಸ್ತಕ ಒಂದನ್ನು ತೆಗೆದುಕೊಳ್ಳಿ. ಬೆಳಿಗ್ಗೆ ಹೊಲಕ್ಕೆ ಹೋದಾಗ ಬಲೆಯ ಪತಂಗ ಎಣಿಸಿ, ತಾರೀಖು ಹಾಕಿ ಬರೆಯಿರಿ. ಮಳೆ ಬಂದದ್ದು, ಔಷಧ ಹೊಡೆದದ್ದು, ಅದಕ್ಕೆ ಕ್ರಯ ಕೊಟ್ಟದ್ದು ಎಲ್ಲ ಅದರಲ್ಲಿರಲಿ. ಬರೆಯಲು ಬಾರದವರು ಶಾಲೆಗೆ ಹೋಗುವ ಮಗನಿಂದಲೋ ಮಗಳಿಂದಲೋ ಬರೆಸಲಿ. ನಾಲ್ಕಾರು ಹೊಲದವರು ಹೀಗೆ ಬರೆದು ತಿಂಗಳಿಗೊಮ್ಮೆ ಇದೇ ವಾಚನಾಲಯದಲ್ಲಿ ಕೂಡಿ ಲೆಕ್ಕ ಹೋಲಿಸಿದರೆ, ನಮ್ಮೂರಿಗೆ ಹುಳು ಯಾವ ಮಳೆಯ ಹಿಂದೆ ಬರುತ್ತದೆ, ಎಷ್ಟು ಸಿಂಪರಣೆ ಉಳಿಸಬಹುದು ಎಂಬುದು ನಿಮಗೇ ತಿಳಿಯುತ್ತದೆ. ಆ ಲೆಕ್ಕದ ಪುಸ್ತಕ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಬಂದ ರೈತರಿಗೆ ಸಲಹೆ ಹೇಳುವುದು ನಮಗೂ ಸುಲಭ, ಅದರಂತೆ ನಡೆಯುವುದು ಅವರಿಗೂ ಸುಲಭ.